ಏಳ್ಗುಳಿ ಗುಡ್ಡದ ಏಳನೆಯ ಕುಳಿ

ತೊರೆಮಾಳದಿಂದ ಪಡುವಣಕ್ಕೆ ಹೊರಟ ಮಣ್ಣುದಾರಿ ಹುಣಸೆ ತೋಪನ್ನು ದಾಟಿ ಒಂದು ಬೋಳುಗುಡ್ಡದ ಬುಡಕ್ಕೆ ಬಂದು ನಿಲ್ಲುತ್ತದೆ. ಗುಡ್ಡ ದೊಡ್ಡದಲ್ಲ, ಬಿಸಿಲು ಏರುವ ಮೊದಲು ಹೊರಟರೆ ವಯಸ್ಸಾದವರೂ ಹತ್ತಿ ಇಳಿಯಬಹುದು. ನೆತ್ತಿಯಲ್ಲಿ ಎರಡು ಹೆಬ್ಬಂಡೆಗಳ ನಡುವೆ ಒಂದು ದೊಣೆ ಇದೆ, ಅಂದರೆ ಕಲ್ಲಿನೊಳಗೇ ನೀರು ನಿಂತ ಆಳವಾದ ಹೊಂಡ. ಸುತ್ತಲಿನ ಬಾವಿಗಳೆಲ್ಲ ಸವುಳಾದರೂ ಇಲ್ಲಿಯ ನೀರು ಸಿಹಿ. ಗುಡ್ಡದ ಬುಡದಲ್ಲಿ, ತೊರೆಮಾಳದ ಕಡೆಗೆ, ಹಾಸುಬಂಡೆಯೊಂದರ ಮೇಲೆ ಸಾಲಾಗಿ ಏಳು ಕುಳಿಗಳಿವೆ. ಆರು ಕುಳಿಗಳು ಒಂದೇ ಅಳತೆಯವು. ಕಲ್ಲುಕುಟಿಗನ ಪಳಗಿದ ಕೈ ಬೆಣ್ಣೆಯಲ್ಲಿ ಬೆರಳೊತ್ತಿದಂತೆ ತೆಗೆದಿದೆ. ಏಳನೆಯದು ಮಾತ್ರ ಸಾಲು ತಪ್ಪಿ ಓರೆಯಾಗಿದೆ. ಅದಕ್ಕೆ ಆಳವಿಲ್ಲ, ಅಂಚು ಒರಟಾಗಿ ಹರಿದಿದೆ. ಮೊದಲ ಸಲ ನೋಡಿದವರು ದನಕಾಯುವ ಹುಡುಗರು ಕೆತ್ತಿ ಹಾಳುಮಾಡಿದ್ದಾರೆಂದು ತಿಳಿಯುವುದುಂಟು. ಗುಡ್ಡಕ್ಕೆ ಏಳ್ಗುಳಿ ಎಂಬ ಹೆಸರು ಬಂದದ್ದು ಆ ಒರಟು ಕುಳಿಯಿಂದಲೇ. ಆಚೆಯ ಮಗ್ಗುಲಲ್ಲಿ, ಕರಿಯಾಲದ ಕಡೆಯ ಬಂಡೆಯ ಮೇಲೆ, ನಾಲ್ಕು ಕುಳಿಗಳಿವೆ. ಅವುಗಳ ಮಾತನ್ನು ಯಾರೂ ಎತ್ತುವುದಿಲ್ಲ.

ಹಿಂದೆ ಒಮ್ಮೆ, ಈ ಸೀಮೆಯ ಗುಡ್ಡಗುಡ್ಡಕ್ಕೂ ಒಬ್ಬೊಬ್ಬ ಪಾಳೆಯಗಾರನಿದ್ದ ಕಾಲದಲ್ಲಿ, ಇಲ್ಲಿ ಕೆಂಗಣ್ಣ ನಾಯಕನೆಂಬವನು ಆಳುತ್ತಿದ್ದನಂತೆ. ಅವನಿಗೆ ಕೋಟೆ ಕಟ್ಟುವ ಹುಚ್ಚು. ಊರೂರಿನಿಂದ ಬಿಟ್ಟಿ ಆಳುಗಳನ್ನು ತರಿಸಿ ಗೋಡೆ ಎಬ್ಬಿಸುತ್ತಿದ್ದ. ಎಲ್ಲ ಊರುಗಳೂ ತಲೆಬಾಗಿದರೂ ತೊರೆಮಾಳ ಮತ್ತು ಕರಿಯಾಲ ಮಾತ್ರ ಆಳು ಕಳಿಸಲು ಒಪ್ಪಲಿಲ್ಲ. ಎರಡು ಊರುಗಳ ನಡುವೆ ಕೊಟ್ಟು ತಂದ ನೆಂಟಸ್ತನ ಬಹಳ; ಒಂದು ಊರಿನ ಮೇಲೆ ಕೈ ಎತ್ತಿದರೆ ಇನ್ನೊಂದು ಊರು ದೊಣ್ಣೆ ಹಿಡಿದು ಎದ್ದು ಬರುತ್ತಿತ್ತು. ನಾಯಕ ಹಲ್ಲು ಕಚ್ಚಿ ಸುಮ್ಮನಿದ್ದ. ಹೀಗಿರುವಾಗ ಒಂದು ಬೇಸಗೆಯಲ್ಲಿ ದೊಣೆಯ ನೀರು ತಳ ಕಂಡಿತು. ಕೊಡ ಮೊದಲು ಅದ್ದಿದವರು ಯಾರೆಂಬ ಮಾತಿಗೆ ಹೆಂಗಸರಲ್ಲಿ ಜಗಳ ಹುಟ್ಟಿ, ಗಂಡಸರಿಗೆ ಹಬ್ಬಿ, ಸಂಜೆಯ ಹೊತ್ತಿಗೆ ಎರಡೂ ಊರಿನ ಒಂದೊಂದು ಹೆಣ ಬಂಡೆಯ ಮೇಲೆ ಬಿತ್ತು. ನಾಯಕನಿಗೆ ಅದೇ ಬೇಕಾಗಿತ್ತು. ಗುಡ್ಡದ ಸಾಲೇ ಇನ್ನು ಗಡಿ, ದಾಟಿದವರ ಕಾಲು ಉಳಿಯದು ಎಂದು ಡಂಗುರ ಹೊಡೆಸಿದ. ದೊಣೆಗೆ ಕಾವಲಿಟ್ಟ. ಬಳಿಕ ತೊರೆಮಾಳದ ಕರಣಿಕ ಸಂಬರಸನಿಗೆ ಹೇಳಿಕಳಿಸಿದ.

ಸಂಬರಸ ಲೆಕ್ಕಕ್ಕೂ ಒಗಟಿಗೂ ಹೆಸರಾದವನು. ಸಂತೆಯಲ್ಲಿ, ಮದುವೆಯ ಚಪ್ಪರದಲ್ಲಿ, ಕೊನೆಗೆ ಸಾವಿನ ಮನೆಯ ಜಗಲಿಯಲ್ಲೂ ಯಾರಾದರೂ ಒಂದು ಒಗಟು ಎಸೆದರೆ ಅದನ್ನು ಬಿಡಿಸುವ ತನಕ ಅವನಿಗೆ ಅಂಗಾಲಿನಲ್ಲಿ ಮುಳ್ಳು ಮುರಿದಂತೆ ಆಗುತ್ತಿತ್ತು. ‘ನಮ್ಮನೆಯವರು ಎರಡು ಒಗಟಿನ ಮಧ್ಯೆ ಬಿಡುವಾದರೆ ಉಣ್ತಾರೆ’ ಎಂದು ಅವನ ಹೆಂಡತಿ ಹೊನ್ನಾಜಮ್ಮ ನೆರೆಯವರೊಡನೆ ನಗುತ್ತಿದ್ದಳು. ಇದು ನಾಯಕನಿಗೂ ಗೊತ್ತಿತ್ತು. ಆದುದರಿಂದಲೇ ಅವನು ಅಪ್ಪಣೆ ಮಾಡಲಿಲ್ಲ. ತಾಂಬೂಲದ ತಟ್ಟೆ ಮುಂದೆ ಸರಿಸಿ, ಒಂದು ಒಗಟು ಇಟ್ಟ.

‘ಸಂಬರಸಯ್ಯಾ, ನನಗೊಂದು ಆಸೆ ಬೇಕು. ಅದು ಸಾಯಬಾರದು. ಈಡೇರಲೂಬಾರದು. ಬಿಡಿಸು ನೋಡೋಣ.’

ಸಂಬರಸ ಅರ್ಥವಾಗದೆ ನೋಡಿದಾಗ ನಾಯಕ ಬಿಡಿಸಿ ಹೇಳಿದ. ಎರಡೂ ಊರಿಗೆ ದೊಣೆಯ ನೀರಿನ ಸರದಿ ಗೊತ್ತುಮಾಡಬೇಕು. ಕರಿಯಾಲ ದೊಡ್ಡ ಊರು, ಅದಕ್ಕೆ ಸರದಿ ಬೇಗ ಬರಲಿ. ತೊರೆಮಾಳಕ್ಕೆ ತುಸು ತಡವಾಗಿ ಬರಲಿ. ಎರಡು ಸರದಿಗಳೂ ಯಾವತ್ತಾದರೂ ಒಂದೇ ದಿನ ಬಿದ್ದರೆ ಅದು ದೇವರ ಮನಸ್ಸು, ಆ ದಿನಕ್ಕೆ ಹಗೆ ತೀರಿತು, ಗಡಿ ಎದ್ದಿತು ಎಂದು ತಾನು ಸಾರಿಸುವುದಾಗಿ ಹೇಳಿದ. ಜನ ಆ ದಿನಕ್ಕೆ ಕಾಯುತ್ತಾರೆ. ‘ಕಾಯುವವನು ದೊಣ್ಣೆ ಎತ್ತುವುದಿಲ್ಲ ಕಣಯ್ಯಾ. ಆದರೆ ಆ ದಿನ ಬರಕೂಡದು. ನೂರು ವರ್ಷಕ್ಕೂ ಬರಕೂಡದು. ಆಗುತ್ತದೋ?’

ಒಳ್ಳೆಯವನೊಬ್ಬ ಅಲ್ಲಿಂದ ಎದ್ದು ಬರುತ್ತಿದ್ದನೇನೋ. ಸಂಬರಸ ಕೆಟ್ಟವನಲ್ಲ, ಆದರೆ ಒಗಟು ಕಿವಿಗೆ ಬಿದ್ದಾಗಿತ್ತು. ಬಾಯೊಳಗಿನ ಎಲೆಯಡಿಕೆ ಮುಗಿಯುವ ಮೊದಲೇ ಅವನಿಗೆ ಉತ್ತರ ಹೊಳೆಯಿತು. ಕರಿಯಾಲಕ್ಕೆ ನಾಲ್ಕು ದಿನಕ್ಕೊಂದು ಸರದಿ, ತೊರೆಮಾಳಕ್ಕೆ ಆರು ದಿನಕ್ಕೊಂದು. ನಾಲ್ಕೂ ಸರಿಸಂಖ್ಯೆ, ಆರೂ ಸರಿಸಂಖ್ಯೆ. ಕರಿಯಾಲದ ಮೊದಲ ಸರದಿಯನ್ನು ಸರಿ ದಿನದಲ್ಲಿ ಇಟ್ಟು ತೊರೆಮಾಳದ ಮೊದಲ ಸರದಿಯನ್ನು ಬೆಸ ದಿನದಲ್ಲಿ ಇಟ್ಟರೆ ಮುಗಿಯಿತು. ಸರಿ ದಿನಕ್ಕೆ ನಾಲ್ಕು ಕೂಡಿದರೆ ಸರಿ ದಿನವೇ ಬರುತ್ತದೆ. ಬೆಸ ದಿನಕ್ಕೆ ಆರು ಕೂಡಿದರೆ ಬೆಸ ದಿನವೇ. ಕೆಲವು ಸಲ ಎರಡರ ನಡುವೆ ಒಂದೇ ದಿನದ ಅಂತರ ಉಳಿಯುತ್ತದೆ, ನೋಡುವವರಿಗೆ ಇನ್ನೇನು ಕೂಡಿತು ಅನ್ನಿಸುತ್ತದೆ. ಆದರೆ ಆ ಒಂದು ದಿನ ಸೂರ್ಯಚಂದ್ರರಿರುವ ತನಕ ಹಾಗೆಯೇ ಉಳಿಯುತ್ತದೆ. ನಾಯಕ ತೊಡೆ ತಟ್ಟಿ ನಕ್ಕ. ಮನೆದೇವರ ದೀಪ ಮುಟ್ಟಿಸಿ ಆಣೆ ಮಾಡಿಸಿಕೊಂಡ: ದಿನ ಎಣಿಸಲು ಬಂಡೆಯಲ್ಲಿ ಕೆತ್ತಿಸುವ ಕುಳಿಗಳಲ್ಲಿ ಒಂದನ್ನೂ ಮುಚ್ಚುವುದಿಲ್ಲ, ಮುಚ್ಚಿಸುವುದಿಲ್ಲ, ಈ ಲೆಕ್ಕವನ್ನು ಬದುಕಿರುವ ಯಾರಿಗೂ ಬಿಡಿಸಿ ಹೇಳುವುದಿಲ್ಲ.

ಸಂಬರಸನ ಒಬ್ಬಳೇ ಮಗಳು ಚೆನ್ನಾಜಿ ಕರಿಯಾಲಕ್ಕೆ ಮದುವೆಯಾಗಿ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಬಸುರಿ, ಚೊಚ್ಚಲ ಹೆರಿಗೆಗೆ ಕರೆತರುವ ಮಾತು ನಡೆದಿತ್ತು. ದೀಪ ಮುಟ್ಟುವಾಗ ಅದು ಅವನ ನೆನಪಿಗೆ ಬರಲಿಲ್ಲವೆಂದಲ್ಲ. ಹಸಿ ರಕ್ತ ಆರಲು ಎರಡು ಮೂರು ತಿಂಗಳು ಬೇಕು, ಆಮೇಲೆ ನಾಯಕ ತಾನಾಗಿಯೇ ಗಡಿ ತೆಗೆಯುತ್ತಾನೆ ಎಂದು ಲೆಕ್ಕ ಹಾಕಿದ. ಬದುಕಿನಲ್ಲಿ ಅವನು ಹಾಕಿದ ತಪ್ಪು ಲೆಕ್ಕ ಅದೊಂದೇ ಎನ್ನುತ್ತಾರೆ.

ಕುಳಿಗಳನ್ನು ಕೆತ್ತಿಸಿದ್ದಾಯಿತು, ಸರದಿ ಕೂಡುವ ದಿನದ ಮಾತನ್ನು ಊರೂರಲ್ಲಿ ಡಂಗುರ ಹೊಡೆಸಿದ್ದೂ ಆಯಿತು. ಆ ಕಡೆಯ ಬಂಡೆಯಲ್ಲಿ ನಾಲ್ಕು, ಈ ಕಡೆಯ ಬಂಡೆಯಲ್ಲಿ ಆರು. ದಿನವೂ ಬೆಳಗಾದರೆ ಎರಡೂ ಊರಿನ ಒಬ್ಬೊಬ್ಬ ಹಿರಿಯ ಬಂದು ಕುಳಿಯಲ್ಲಿದ್ದ ಹರಳುಗಲ್ಲನ್ನು ಮುಂದಿನ ಕುಳಿಗೆ ಸರಿಸುವನು. ಹರಳು ಕೊನೆಯ ಕುಳಿಗೆ ಬಂದ ದಿನ ಆ ಊರಿನ ಸರದಿ. ಮರುದಿನ ಮತ್ತೆ ಮೊದಲ ಕುಳಿಯಿಂದ. ತೊರೆಮಾಳದಲ್ಲಿ ಈ ಕೆಲಸ ಓಬಜ್ಜನೆಂಬ ಮುದುಕನದು. ಸರದಿಯ ದಿನ ಊರಿನ ಹೆಂಗಸರು ಕೊಡಗಳ ಜೊತೆಗೆ ಮಡಿಲಲ್ಲಿ ಏನಾದರೊಂದು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದರು. ಯಾರಿಗೆ ಗೊತ್ತು, ಇವತ್ತೇ ಕೂಡೀತು. ತಂಗಿಗೆಂದು ಕುಪ್ಪಸದ ಕಣ, ಅಕ್ಕನಿಗೆಂದು ಅರಿಸಿನದ ಕೊನೆ. ದೊಣೆಯ ಬಳಿ ನಾಯಕನ ಕಾವಲುಗಾರನನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಕಟ್ಟಿಕೊಂಡು ಹೋದದ್ದು ಹಾಗೆಯೇ ಮನೆಗೆ ಬರುತ್ತಿತ್ತು. ಹೊನ್ನಾಜಮ್ಮ ಮೊಮ್ಮಗುವಿಗೆಂದು ಒಂದು ಕುಲಾವಿ ಹೊಲಿದಿದ್ದಳು. ತಿಂಗಳುಗಳು ಕಳೆದವು. ಮಗುವಿನ ತಲೆ ಬೆಳೆದಿರುತ್ತದೆಂದು ಹೊಲಿಗೆ ಬಿಚ್ಚಿ, ಒಂದು ಪಟ್ಟಿ ಸೇರಿಸಿ, ಮತ್ತೆ ಹೊಲಿದಳು. ಮತ್ತೆ ಬಿಚ್ಚಿದಳು. ಮಗು ಹೆಣ್ಣೋ ಗಂಡೋ ಅವಳಿಗೆ ಗೊತ್ತಿರಲಿಲ್ಲ. ಮಗಳು ಹೆರಿಗೆಯಲ್ಲಿ ಉಳಿದಳೋ ಇಲ್ಲವೋ ಅದೂ ಗೊತ್ತಿರಲಿಲ್ಲ.

‘ಏನಂದ್ರೆ, ಇನ್ನೆಷ್ಟು ಸರದಿ ಆಗಬೇಕು? ನೀವು ಲೆಕ್ಕ ಬಲ್ಲವರು, ಹೇಳಬಾರದೇ?’

‘ಹತ್ತಿರ ಬಂತು’ ಎನ್ನುತ್ತಿದ್ದ ಸಂಬರಸ. ಹೇಳಿ ಹೊರಗೆ ಹೋಗಿಬಿಡುತ್ತಿದ್ದ.

ಮನೆಯೊಳಗೆ ಅವನಿಗೆ ಕೂರಲಾಗುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ತಿರುಗುವನು; ಬಂಡೆಯ ಬಳಿ ಬಂದು ಹರಳು ನೋಡುವನು; ಅದು ಎಲ್ಲಿರಬೇಕೋ ಅಲ್ಲೇ ಇರುವುದನ್ನು ಕಂಡು ಹಿಂದಿರುಗುವನು. ಸರಿ ದಿನದ ಮನೆಯಲ್ಲಿ ಮಗಳು, ಬೆಸ ದಿನದ ಮನೆಯಲ್ಲಿ ತಾಯಿ, ನಡುವೆ ತಾನು ಎಬ್ಬಿಸಿದ ಬಾಗಿಲಿಲ್ಲದ ಗೋಡೆ. ಊರಿನವರು ಒಗಟು ತಂದರೆ ಈಗ ಸಿಡುಕುತ್ತಿದ್ದ. ಒಮ್ಮೆ ಕೋಟೆಗೆ ಹೋಗಿ ನಾಯಕನ ಕಾಲು ಹಿಡಿದ. ‘ಗೋಡೆ ಇನ್ನೂ ಮುಗಿದಿಲ್ಲ ಕಣಯ್ಯಾ’ ಎಂದು ನಾಯಕ ನಕ್ಕ. ಒಂದಕ್ಕೊಂದರ ಆಸರೆ ತಪ್ಪಿದ ಎರಡೂ ಊರಿನವರು ಈಗ ಬೇರೆಬೇರೆಯಾಗಿ ಬಂದು ಅಲ್ಲಿ ಬಿಟ್ಟಿ ಕಲ್ಲು ಹೊರುತ್ತಿದ್ದರು. ಒಂದೇ ಒಂದು ಕುಳಿ ಮುಚ್ಚಿದರೆ ಸಾಕೆಂಬುದು ಸಂಬರಸನಿಗೆ ಗೊತ್ತಿತ್ತು. ಆರು ಐದಾದರೆ ಸರದಿ ಒಮ್ಮೆ ಬೆಸ ದಿನಕ್ಕೆ, ಒಮ್ಮೆ ಸರಿ ದಿನಕ್ಕೆ ಬೀಳುತ್ತ ಹೋಗಿ ಬೇಗನೆ ಕೂಡುತ್ತದೆ. ಒಂದು ಹಿಡಿ ಗಾರೆ ಸಾಕು. ಆದರೆ ದೀಪ ಮುಟ್ಟಿದ ಆಣೆ ಮುರಿದರೆ ಅದು ವಂಶದ ಕಿರಿಯ ಕುಡಿಯನ್ನು ತಿನ್ನುತ್ತದೆಂದು ಆ ಕಾಲದವರ ನಂಬಿಕೆ. ಆ ಕಿರಿಯ ಕುಡಿ ಯಾವುದೆಂದು ಅವನು ಕಣ್ಣಿಂದ ನೋಡಿಯೂ ಇರಲಿಲ್ಲ.

ಹೀಗೆ ಎರಡನೆಯ ಬೇಸಗೆ ಬಂತು. ಒಂದು ಸರದಿಯ ದಿನ ನೀರು ತಂದಿಟ್ಟು, ಮಧ್ಯಾಹ್ನದ ಊಟವಾದ ಮೇಲೆ ಹೊನ್ನಾಜಮ್ಮ ನಡುಮನೆಯಲ್ಲಿ ಅಳಗುಳಿಮಣೆ ಹಾಸಿಕೊಂಡು ಕೂತಿದ್ದಳು. ಅಳಗುಳಿಮಣೆ ಹೆಂಗಸರ ಆಟ. ಮರದ ಹಲಗೆಯಲ್ಲಿ ಎದುರುಬದುರು ಎರಡು ಸಾಲು ಗುಳಿಗಳು, ಗುಳಿಗಳಲ್ಲಿ ಹುಣಸೆಬೀಜ. ಆದರೆ ಅವಳು ಆಟ ಆಡುತ್ತಿರಲಿಲ್ಲ. ಸಾಲಿಗೊಂದು ಬೀಜ ಇಟ್ಟು, ಎರಡನ್ನೂ ಒಂದೊಂದೇ ಗುಳಿ ನಡೆಸುತ್ತಿದ್ದಳು. ಸಂಬರಸ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ.

‘ಏನಂದ್ರೆ! ಬನ್ನಿ ಇಲ್ಲಿ! ಕೂಡ್ತು!’

‘ಏನು ಕೂಡ್ತು?’

‘ಸರದಿ ಕಣ್ರೀ! ಈ ಸಾಲು ನಮ್ಮೂರಿನದು. ಆ ಸಾಲಿನ ನಾಲ್ಕು ಗುಳಿ ಕರಿಯಾಲದ್ದು. ಇವತ್ತು ನಮ್ಮ ಸರದಿ, ನಾಳೆ ಅವರದು. ಅಲ್ಲಿಂದ ಶುರು ಮಾಡಿ ದಿನಕ್ಕೊಂದು ಗುಳಿ ನಡೆಸಿದೆ. ನಮ್ಮದು ಮೂರನೇ ಸುತ್ತು ಮುಗಿಯೋ ಹೊತ್ತಿಗೆ ಎರಡೂ ಕಡೇ ಗುಳಿಗೆ ಬಂದು ಕೂತ್ಕೊಂಡ್ವು ನೋಡಿ!’ ಎಷ್ಟೋ ಕಾಲದ ಮೇಲೆ ಅವಳ ಮುಖದಲ್ಲಿ ನಗು ಇತ್ತು. ಆ ನಗುವನ್ನು ನೋಡಲಾಗದೆ ಸಂಬರಸನಿಗೆ ಸಿಟ್ಟು ಬಂತು.

‘ಹುಚ್ಚಿ! ನಿನ್ನ ಮಣೆಯಲ್ಲಿ ಸಾಲಿಗೆ ಏಳು ಗುಳಿ. ಬಂಡೆಯ ಮೇಲಿರೋದು ಆರು.’

ಹೊನ್ನಾಜಮ್ಮ ಬೆರಳಿಟ್ಟು ಎಣಿಸಿದಳು. ‘ಹೌದಲ್ಲ’ ಎಂದಳು ಮೆಲ್ಲಗೆ. ‘ಒಂದು ಹೆಚ್ಚು.’ ಬೀಜಗಳನ್ನು ಬಾಚಲು ಕೈ ಚಾಚಿದಳು.

‘ಬೇಡ!’ ಎಂದ ಸಂಬರಸ. ‘ಮುಟ್ಟಬೇಡ. ಹಾಗೇ ಇರಲಿ.’

ಅವನು ಮಣೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಎರಡು ಬೀಜಗಳು ಎದುರುಬದುರಾಗಿ ಕೊನೆಯ ಗುಳಿಗಳಲ್ಲಿ ಕೂತಿದ್ದವು. ಇಷ್ಟು ದಿನ ಅವನು ಕುಳಿ ಮುಚ್ಚುವುದನ್ನೇ ಯೋಚಿಸಿದ್ದ, ತೆರೆಯುವುದನ್ನು ಯೋಚಿಸಿರಲಿಲ್ಲ. ಕಾಯುವವರಿಗೆ ಕಾಯುವುದನ್ನು ಕಡಿಮೆ ಮಾಡಿಕೊಳ್ಳುವುದೊಂದೇ ದಾರಿಯಾಗಿ ಕಾಣುತ್ತದೆ. ಇನ್ನೂ ಒಂದು ದಿನ ಹೆಚ್ಚಾಗಿ ಕಾದರೆ ಕೂಡಬಹುದೆಂದು ಯಾರಿಗೆ ತೋಚೀತು? ಏಳು ಬೆಸಸಂಖ್ಯೆ. ಬೆಸ ದಿನಕ್ಕೆ ಏಳು ಕೂಡಿದರೆ ಸರಿ ದಿನ. ಗೋಡೆಗೆ ಅಲ್ಲಿ ಬಾಗಿಲಿತ್ತು. ಮುಚ್ಚುವುದಿಲ್ಲವೆಂದು ಅವನು ಆಣೆಯಿಟ್ಟಿದ್ದ. ತೆರೆಯುವುದಿಲ್ಲವೆಂದು ಯಾರೂ ಆಣೆ ಕೇಳಿರಲಿಲ್ಲ. ಹೆಂಡತಿ ಮುಖ ನೋಡುತ್ತಿದ್ದಳು. ಅವಳಿಗೆ ಬಿಡಿಸಿ ಹೇಳುವಂತಿರಲಿಲ್ಲ. ‘ಕುಲಾವಿ ಇನ್ನೊಂದು ಸಲ ಬಿಚ್ಚಿ ಹೊಲಿ’ ಎಂದಷ್ಟೇ ಹೇಳಿ ಎದ್ದ.

ಮರುದಿನ ಬೆಳಗ್ಗೆ, ಊರೆಲ್ಲ ನೋಡುತ್ತಿದ್ದಂತೆ, ಕಲ್ಲುಕುಟಿಗನಿಂದ ಉಳಿ ಸುತ್ತಿಗೆ ಎರವಲು ತಂದು ಸಂಬರಸ ಬಂಡೆಯ ಮೇಲೆ ಮಂಡಿಯೂರಿದ. ಓಲೆ ಬರೆಯುವ ಕಂಠ ಹಿಡಿದ ಕೈ ಅದು, ಉಳಿ ಹಿಡಿದದ್ದಲ್ಲ. ಸುತ್ತಿಗೆಯ ಏಟು ಎರಡಕ್ಕೊಂದು ಹೆಬ್ಬೆರಳಿಗೆ ಬೀಳುತ್ತಿತ್ತು. ಹರಳು ಸರಿಸಲು ಬಂದಿದ್ದ ಓಬಜ್ಜ ಕೋಲೂರಿ ನಿಂತು ನೋಡಿದ.

‘ತೆಗೆದಷ್ಟೂ ದೊಡ್ಡದಾಗೋದು ಯಾವುದು ಸ್ವಾಮಿ? ಕುಳಿ ಅನ್ನಬ್ಯಾಡಿ ಮತ್ತೆ. ನಿಮ್ಮ ಹುಚ್ಚು!’

ಸಂಬರಸ ಮತ್ತೆ ಸುತ್ತಿಗೆ ಎತ್ತಿದ. ಅವನು ಮಾಡುತ್ತಿರುವುದು ಏನೆಂದು ಗೊತ್ತಾಗುವ ಹೊತ್ತಿಗೆ ಜನ ಸೇರಿತು. ಬೇಸಗೆಯಲ್ಲಿ ಆರು ದಿನಕ್ಕೊಮ್ಮೆ ಬರುವ ಸಿಹಿನೀರೇ ಸಾಲದು, ಇವನು ಅದನ್ನು ಏಳು ದಿನ ಮಾಡುತ್ತಿದ್ದಾನೆ! ‘ಸವುಳು ನೀರಲ್ಲಿ ಬೇಳೆ ಬೇಯಿಸಿ ತೋರಿಸಲಿ ಕರಣಿಕರ ಹೆಂಡ್ತಿ’ ಎಂದಳು ಒಬ್ಬಳು. ‘ನಾಯಕ ಏನು ಕೊಟ್ಟನಂತೆ ಕೇಳ್ರೋ’ ಎಂದ ಇನ್ನೊಬ್ಬ. ಯಾರೋ ಉಳಿ ಕಿತ್ತುಕೊಳ್ಳಲು ಬಂದರು. ಸಂಬರಸ ಆಗ ಎದ್ದು ನಿಂತ. ಹೆಬ್ಬೆರಳಿನಿಂದ ನೆತ್ತರು ಸುರಿಯುತ್ತಿತ್ತು.

‘ಮೂರು ಸರದಿ ಕಾಯಿರಿ. ಯಾಕೆಂದು ಕೇಳಬೇಡಿ, ಹೇಳುವಂತಿಲ್ಲ. ಮೊದಲನೆಯದು ತಪ್ಪುತ್ತದೆ, ಎರಡನೆಯದೂ ತಪ್ಪುತ್ತದೆ. ಮೂರನೆಯದೂ ತಪ್ಪಿದರೆ ಇದೇ ಸುತ್ತಿಗೆಯಿಂದ ನನ್ನ ಕೈ ಜಜ್ಜಿ. ಬೇಡ ಅನ್ನುವುದಿಲ್ಲ.’

ಹೊನ್ನಾಜಮ್ಮ ಹೆಂಗಸರ ನಡುವಿನಿಂದ ಮುಂದೆ ಬಂದಳು. ಗಂಡನ ಕಡೆ ನೋಡಲಿಲ್ಲ. ‘ಈ ಮೂರು ಸರದಿ ನಮ್ಮ ಮನೆಯ ನೀರನ್ನ ಬಾಣಂತಿಯರ ಮನೆಗೆ ಹಂಚಿಕೊಳ್ಳಿ’ ಎಂದಳು. ‘ನಾವು ಸವುಳು ಕುಡೀತೀವಿ.’

ಜನ ಗೊಣಗುತ್ತ ನಿಂತರು. ಕೊನೆಗೆ ಓಬಜ್ಜ ಕೆಮ್ಮಿದ. ‘ನನ್ನ ಕೆಲಸ ಹರಳು ಸರಿಸೋದು. ಕುಳಿ ಇದ್ದ ಕಡೆ ಸರಿಸ್ತೀನಿ. ಲೆಕ್ಕಾನೂ ಕರಣಿಕರದು, ಪಾಪಾನೂ ಕರಣಿಕರದು. ನಡೀರ್ರೋ, ಹೊತ್ತೇರ್ತು.’

ಮೊದಲ ಸರದಿ ತಪ್ಪಿತು. ದೊಣೆಯ ಸುತ್ತಿನ ಮಣ್ಣು ಒಣಗಿ ಬಿರಿದಿತ್ತು. ಕರಿಯಾಲದವರು ಬಂದು ಹೋಗಿ ಎರಡು ದಿನವಾಗಿತ್ತು. ಅದಾದ ಮೇಲೆ ಕೆಂಗಣ್ಣ ನಾಯಕ ತಾನೇ ಕುದುರೆಯೇರಿ ಬಂದ. ಬಂಡೆಯ ಮುಂದೆ ನಿಂತು ಚಾವಟಿಯ ತುದಿಯಿಂದ ಕುಳಿಗಳನ್ನು ಎಣಿಸಿದ.

‘ಆಣೆ ಮರೆತೆಯಾ ಸಂಬರಸಯ್ಯಾ?’

‘ಒಂದು ಕುಳಿಯನ್ನೂ ಮುಚ್ಚಿಲ್ಲ ದೊರೆ. ಒಂದು ಮಾತನ್ನೂ ಬಿಡಿಸಿಲ್ಲ. ದೊಣೆ ಬತ್ತುತ್ತಿದೆ, ನಮ್ಮೂರಿನ ಸರದಿಯನ್ನು ನಾವೇ ಒಂದು ದಿನ ತಡಮಾಡಿಕೊಂಡಿದ್ದೇವೆ.’

ನಾಯಕ ಮತ್ತೊಮ್ಮೆ ಕುಳಿಗಳ ಕಡೆ ನೋಡಿದ. ಬೆರಳು ಮಡಿಸಿ ಏನೋ ಎಣಿಸಲು ತೊಡಗಿ ಅರ್ಧಕ್ಕೆ ಬಿಟ್ಟ. ಲೆಕ್ಕ ಅವನದಾಗಿರಲಿಲ್ಲ, ಅವನು ಕೊಂಡುಕೊಂಡದ್ದು ಉತ್ತರವನ್ನು ಮಾತ್ರ. ‘ಕಡಿಮೆ ಉಣ್ಣುತ್ತೇನೆ ಅನ್ನುವವನ ಕೈ ಹಿಡಿಯುವ ದೊರೆಯುಂಟೇ? ಕಾಯಿರಿ, ಕಾಯಿರಿ’ ಎಂದು ನಕ್ಕು ಕುದುರೆ ತಿರುಗಿಸಿದ. ಆದರೆ ಹುಣಸೆ ತೋಪಿನ ಬಳಿ ಕುದುರೆ ನಿಂತದ್ದನ್ನೂ, ನಾಯಕ ತಿರುಗಿ ಬಂಡೆಯ ಕಡೆ ನೋಡಿದ್ದನ್ನೂ ಸಂಬರಸ ಕಂಡ. ಅಂದಿನಿಂದ ದಾರಿಯಲ್ಲಿ ಧೂಳೆದ್ದರೆ ಕೋಟೆಯ ಕುದುರೆಯೇ ಎಂದು ನೋಡುವನು. ಬೆರಳು ಮಡಿಸುವುದನ್ನು ಯಾರಾದರೂ ಪೂರ್ತಿ ಮಾಡಿದರೆ ಮುಗಿಯಿತು.

ಎರಡನೆಯ ಸರದಿಯೂ ತಪ್ಪಿತು. ಈ ಸಲ ಒಂದೇ ಒಂದು ದಿನಕ್ಕೆ. ದೊಣೆಯ ಅಂಚಿನ ಕೆಸರು ಇನ್ನೂ ಹಸಿಯಾಗಿತ್ತು. ಹಿಂದಿನ ದಿನ ಬಂದುಹೋದ ಕರಿಯಾಲದವರ ಹೆಜ್ಜೆಗಳು ಅದರಲ್ಲಿ ಮೂಡಿದ್ದವು. ದೊಡ್ಡ ಹೆಜ್ಜೆಗಳ ನಡುವೆ, ನೀರಿಗೆ ತೀರ ಹತ್ತಿರ, ಒಂದು ಪುಟ್ಟ ಹೆಜ್ಜೆ ಇತ್ತು. ಈಗಷ್ಟೇ ನಡೆಯಲು ಕಲಿತ ಮಗುವಿನದು. ಹೆಬ್ಬೆರಳು ಆಳವಾಗಿ ಊರಿತ್ತು. ಹೊನ್ನಾಜಮ್ಮ ಕೊಡ ಇಳಿಸಿ ಅದರ ಪಕ್ಕದಲ್ಲಿ ಕೂತುಬಿಟ್ಟಳು. ಅದು ಯಾರ ಮನೆಯ ಮಗುವೋ, ಹೇಳುವವರಿಲ್ಲ. ಅವಳು ಅದನ್ನು ಮುಟ್ಟಲಿಲ್ಲ. ಉಳಿದ ಹೆಂಗಸರು ಆ ಒಂದು ಗೇಣು ಜಾಗವನ್ನು ಬಿಟ್ಟು ಸುತ್ತಿ ಬಂದು ನೀರು ತುಂಬಿಕೊಂಡರು. ಹತ್ತುವಾಗ ಸಂಬರಸನನ್ನು ಬೈದವರು ಇಳಿಯುವಾಗ ಬೈಯಲಿಲ್ಲ.

ಮೂರನೆಯ ಸರದಿಯ ಬೆಳಗ್ಗೆ ಓಬಜ್ಜ ಹರಳನ್ನು ಒರಟು ಕುಳಿಯೊಳಗೆ ಇಟ್ಟು ಸಂಬರಸನ ಮುಖ ನೋಡಿದ. ಊರಿಗೆ ಊರೇ ಗುಡ್ಡ ಹತ್ತಿತು. ಸಂಬರಸ ಹತ್ತಲಿಲ್ಲ. ಹಾಸುಬಂಡೆಯ ಮೇಲೆ ಕುಳಿಗಳ ಪಕ್ಕದಲ್ಲಿ ಕೂತ. ಆ ಕಡೆಯ ಮುದುಕ ಎಂದಾದರೂ ಒಂದು ಬೆಳಗ್ಗೆ ಹರಳು ಸರಿಸಲು ಮರೆತಿದ್ದರೆ? ನಾಯಕ ಎಣಿಸಿ ಮುಗಿಸಿ ಕಾವಲಿಗೆ ಆಳು ಹೆಚ್ಚಿಸಿದ್ದರೆ? ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಎರಡು ಊರುಗಳನ್ನು ಒಂದು ದಿನಕ್ಕೆ ತಂದು ನಿಲ್ಲಿಸುವುದಷ್ಟೇ ಲೆಕ್ಕಕ್ಕೆ ಸಾಧ್ಯ. ನಿಂತವರು ಏನು ಮಾಡುತ್ತಾರೆಂಬುದು ಲೆಕ್ಕದೊಳಗಿರಲಿಲ್ಲ. ಕಳೆದ ಸಲ ದೊಣೆಯ ಬಂಡೆಯ ಮೇಲೆ ಅವರು ಕೂಡಿದಾಗ ಎರಡು ಹೆಣ ಬಿದ್ದಿತ್ತು. ಅವನು ಕಿವಿಯಾಗಿ ಕೂತ. ಮೇಲಿನಿಂದ ಒಂದು ಸದ್ದೂ ಬರಲಿಲ್ಲ. ಕೂಗಿಲ್ಲ, ಅಳುವಿಲ್ಲ. ಬಿಸಿಲು ಏರಿತು. ಅಷ್ಟು ಜನ ಸೇರಿದ ಗುಡ್ಡ ಅಷ್ಟು ಮೌನವಾಗಿರುವುದನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಮೇಲೆ ನಡೆದದ್ದನ್ನು ಹೊನ್ನಾಜಮ್ಮ ಆಮೇಲೆ ಹೇಳಿದ್ದು. ಎರಡೂ ಊರಿನವರು ಎರಡು ಕಡೆಯಿಂದ ಹತ್ತಿ ಬಂದು ದೊಣೆಯ ಆಚೀಚೆ ನಿಂತರು. ಕಾವಲುಗಾರ ಭರ್ಜಿ ಹಿಡಿದು ಅವರ ಮುಖ ಇವರ ಮುಖ ನೋಡಿದ. ಸರದಿ ಇದ್ದವರನ್ನು ಬಿಡು ಎಂದು ಅವನಿಗಿದ್ದ ಅಪ್ಪಣೆ. ಇಬ್ಬರಿಗೂ ಸರದಿ ಇತ್ತು. ಅವನು ಭರ್ಜಿ ಬಂಡೆಗೊರಗಿಸಿ ಪಕ್ಕಕ್ಕೆ ಸರಿದ. ಆದರೂ ಯಾರೂ ಕದಲಲಿಲ್ಲ. ಮೊದಲು ಕೊಡ ಅದ್ದುವವರು ಯಾರೆಂಬ ಮಾತಿಗೇ ಅಂದು ರಕ್ತ ಹರಿದದ್ದು. ಈಗ ಮೊದಲು ಅದ್ದುವ ಧೈರ್ಯ ಯಾರಿಗೂ ಇರಲಿಲ್ಲ. ಆಚೆ ಕಡೆ, ಜನರ ಹಿಂದೆ, ಚೆನ್ನಾಜಿ ನಿಂತಿದ್ದಳು. ಸೊಂಟದ ಮೇಲೆ ಮಗು. ಹೊನ್ನಾಜಮ್ಮನಿಗೆ ಓಡಬೇಕೆನ್ನಿಸಿತು. ಆದರೆ ಅವಳಿಗೂ ಮಗಳಿಗೂ ನಡುವೆ, ನೀರಿನ ಅಂಚಿನಲ್ಲಿ, ಕರಿಯಾಲದ ಮುದುಕಿಯೊಬ್ಬಳು ಖಾಲಿ ಕೊಡ ಹಿಡಿದು ನಿಂತಿದ್ದಳು. ಅಂದು ಸತ್ತ ಕರಿಯಾಲದ ಹುಡುಗ ಅವಳ ಮಗ. ಹೊನ್ನಾಜಮ್ಮ ಮಗಳ ಮೇಲಿನ ಕಣ್ಣು ಕಿತ್ತು ನೀರಿಗಿಳಿದಳು. ತನ್ನ ಕೊಡ ಅದ್ದಿ, ತುಂಬಿ, ಎತ್ತಿ, ಆ ಮುದುಕಿಯ ಕೊಡಕ್ಕೆ ಸುರಿದಳು. ಮುದುಕಿ ತುಂಬಿದ ಕೊಡವನ್ನು ಕೆಳಗಿಟ್ಟಳು. ಬಳಿಕ ಅವಳೂ ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ, ಹೊನ್ನಾಜಮ್ಮನ ಕೊಡಕ್ಕೆ ಹಾಕಿದಳು. ಒಂದು ಬೊಗಸೆ. ಮತ್ತೊಂದು.

ಕೆಳಗೆ ಕೂತ ಸಂಬರಸನಿಗೆ ಕೇಳಿಸಿದ್ದು ಕೊಡಕ್ಕೆ ಕೊಡ ತಾಗಿದ ಸದ್ದು. ಮೊದಲು ಒಂದು, ಆಮೇಲೆ ಹಲವು, ಆಮೇಲೆ ಅಳು ನಗು ಎರಡೂ ಬೆರೆತ ಗದ್ದಲ. ತುಸು ಹೊತ್ತಿಗೆ ಹೊನ್ನಾಜಮ್ಮ ಇಳಿದು ಬಂದಳು. ಅವಳ ಹಿಂದೆ ಚೆನ್ನಾಜಿ. ಅಜ್ಜಿಯ ಸೊಂಟದ ಮೇಲೆ ಮಗು, ಅದರ ತಲೆಯ ಮೇಲೆ ಎಷ್ಟೋ ಸಲ ಬಿಚ್ಚಿ ಹೊಲಿದ ಕುಲಾವಿ. ಅದಿನ್ನೂ ಬಿಗಿಯೇ ಆಗಿತ್ತು.

‘ಹೆಣ್ಣು’ ಎಂದಳು ಹೊನ್ನಾಜಮ್ಮ, ಮಗುವನ್ನು ಅವನ ಪಕ್ಕ ಬಂಡೆಯ ಮೇಲೆ ಇಳಿಸುತ್ತ. ‘ಈಗಲಾದರೂ ಹೇಳಿ. ನನ್ನ ಮಣೆ ಸರಿಯಾಗಿತ್ತೋ ಇಲ್ಲವೋ?’

ಸಂಬರಸ ಬಾಯಿ ತೆರೆದ. ಆಣೆ ನೆನಪಾಗಿ ಮುಚ್ಚಿದ. ಮಗು ಒರಟು ಕುಳಿಯೊಳಗೆ ಕೈ ಹಾಕಿ ಹರಳನ್ನು ಎತ್ತಿತು, ನೋಡಿತು, ಮತ್ತೆ ಅಲ್ಲೇ ಇಟ್ಟಿತು. ಮರುದಿನ ಬೆಳಗ್ಗೆ ಓಬಜ್ಜ ಬಂದಾಗ ಹರಳು ಹಾಗೆಯೇ ಇತ್ತು. ಅದನ್ನು ಮೊದಲ ಕುಳಿಗೆ ಸರಿಸಲು ಅವನ ಕೈ ಏಳಲಿಲ್ಲವಂತೆ.

ಊರೂರಲ್ಲಿ ಡಂಗುರ ಹೊಡೆಸಿ ಸಾರಿದ ಮಾತನ್ನು ನುಂಗಲು ನಾಯಕನಿಗೂ ಆಗಲಿಲ್ಲ. ಗಡಿ ಎದ್ದಿತು. ಆ ವರ್ಷದ ಸುಗ್ಗಿಯ ಮೇಲೆ ಎರಡೂ ಊರುಗಳು ಒಟ್ಟಾಗಿ ಬಿಟ್ಟಿ ನಿಲ್ಲಿಸಿದವು. ನಾಯಕ ಸಂಬರಸನನ್ನು ಕೋಟೆಗೆ ಕರೆಸಿ, ಇದು ಹೇಗಾಯಿತು, ಬಿಡಿಸಿ ಹೇಳು ಎಂದು ಗದರಿದನೆಂದೂ, ‘ಬದುಕಿರುವ ಯಾರಿಗೂ ಈ ಲೆಕ್ಕ ಬಿಡಿಸುವುದಿಲ್ಲವೆಂದು ತಮ್ಮ ಮನೆದೇವರ ದೀಪ ಮುಟ್ಟಿದ್ದೇನೆ ದೊರೆ’ ಎಂದು ಅವನು ಕೈಮುಗಿದನೆಂದೂ ತೊರೆಮಾಳದವರು ನಗುತ್ತ ಹೇಳುತ್ತಾರೆ. ಕರಿಯಾಲದವರು ಇದನ್ನು ಒಪ್ಪುವುದಿಲ್ಲ. ಸಂಬರಸ ಮತ್ತೆ ಕೋಟೆಯ ಮೆಟ್ಟಿಲು ಹತ್ತಲಿಲ್ಲ, ಮತ್ತೊಂದು ಒಗಟಿಗೂ ಕಿವಿಗೊಡಲಿಲ್ಲ ಎನ್ನುತ್ತಾರೆ.

ಈಗ ಗುಡ್ಡಕ್ಕೆ ಹೋದವರು ಅರ್ಧಕ್ಕೆ ನಿಂತ ಕೋಟೆಯ ಗೋಡೆಯನ್ನು ದೂರದಿಂದ ಕಾಣಬಹುದು. ದೊಣೆಯ ಬಳಿ ಇಂದಿಗೂ ಯಾರೂ ತಮ್ಮ ಕೊಡವನ್ನು ತಾವೇ ತುಂಬಿಕೊಳ್ಳುವುದಿಲ್ಲ. ಒಬ್ಬರೇ ಬಂದವರು ಇನ್ನೊಬ್ಬರು ಬರುವ ತನಕ ನೆರಳಲ್ಲಿ ಕೂತಿರುತ್ತಾರೆ. ಒಂದು ಊರಿನಿಂದ ಇನ್ನೊಂದಕ್ಕೆ ಮದುವೆಯಾಗಿ ಹೋದ ಹುಡುಗಿಯನ್ನು ಮೊದಲ ಸಲ ತವರಿಗೆ ಕರೆತರುವಾಗ, ಗೊತ್ತುಮಾಡಿದ ದಿನಕ್ಕಿಂತ ಒಂದು ದಿನ ತಡಮಾಡಿ ಕರೆತರುವ ರೂಢಿಯೂ ಉಳಿದಿದೆ. ಬುಡದ ಬಂಡೆಯ ಮೇಲೆ ಆರು ನುಣುಪಾದ ಕುಳಿಗಳಲ್ಲಿ ಮಳೆಯ ನೀರೋ ತರಗೆಲೆಯೋ ತುಂಬಿರುತ್ತದೆ. ಏಳನೆಯದರಲ್ಲಿ ಒಂದು ಹರಳು. ದೊಡ್ಡ ಮಳೆಗೆ ಅದು ಕೊಚ್ಚಿಹೋದರೆ ಆ ದಾರಿಯಲ್ಲಿ ಬಂದವರು ಯಾರೋ ಇನ್ನೊಂದನ್ನು ಇಟ್ಟು ಹೋಗುತ್ತಾರೆ. ಮುಂದಕ್ಕೆ ಮಾತ್ರ ಯಾರೂ ಸರಿಸುವುದಿಲ್ಲ.